ಹಗೇವಿನ ಮೇಲೆ ಕೂತ ಗದಿಗೆಪ್ಪ

ಕರಿಮಣ್ಣಿನ ಸೀಮೆಯ ಒಂದೂರಲ್ಲಿ ತಂಗೆವ್ವ ಅಂತ ಒಬ್ಬಳಿದ್ದಳು, ಅವಳಿಗೆ ಗದಿಗೆಪ್ಪ ಅಂತ ಒಬ್ಬನೇ ಮಗ. ಆಳು ಕೋಣದಂಥವನು, ಬುದ್ಧಿ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ. ತಾಯಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಲೂಟಿಗಾರರ ಭಯ. ಪಕ್ಕದ ಊರಿಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕಡಿದು ಹೋಗಿದ್ದರು. ಹೊಗೆ ಕಂಡೀತು ಅಂತ ಒಲೆ ಹಚ್ಚಲೂ ಜನಕ್ಕೆ ಅಂಜಿಕೆ. ಗಂಡಸರು ಕತ್ತಿ ಹಿಡಿದು ಊರ ಸುತ್ತಲಿನ ಹೊಲ ಕಾಯುತ್ತಿದ್ದರು. ಹೆಂಗಸರು ಅಡಗಲಿಕ್ಕೆ ಅಂತ ಒಂದು ಹಗೇವು ಖಾಲಿ ಮಾಡಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಕತ್ತು ಸಣ್ಣದು, ಹೊಟ್ಟೆ ದೊಡ್ಡದು, ಬಾಯಿಗೊಂದು ಚಪ್ಪಡಿ ಕಲ್ಲು. ಇಳಿಯುವವರು ದೀಪ ಹಿಡಿದೇ ಇಳಿಯಬೇಕು. ದೀಪ ಉರಿದರೆ ಒಳಗೆ ಉಸಿರುಂಟು, ಆರಿದರೆ ಇಲ್ಲ.

ಗದಿಗೆಪ್ಪನನ್ನು ಊರ ಅಗಸೆ ಬಾಗಿಲಲ್ಲಿ ಕೂರಿಸಿ, ಹೊರಗಿನವರು ಬಂದರೆ ಕೂಗು ಅಂದಳು ತಂಗೆವ್ವ. ಬಳೆಗಾರ ಬಂದ. ಹೊರಗಿನವನೇ ಅಲ್ಲವೇ? ಗದಿಗೆಪ್ಪ ಕೂಗಿದ. ಹೆಂಗಸರು ಬಿದ್ದೆನೋ ಎದ್ದೆನೋ ಅಂತ ಹಗೇವಿಗೆ ಓಡಿದರು. ಏನು ಬಂತೋ ಅಂತ ಬಳೆಗಾರನೂ ಅವರ ಹಿಂದೆಯೇ ಓಡಿ ಒಳಗೆ ಧುಮುಕಿದ, ಬಳೆಯೆಲ್ಲ ಚೂರುಚೂರು. ತಾಯಿ ಬೈದಳು. ಬಳೆಗಾರನನ್ನು ಕಂಡು ಯಾರಾದರೂ ಕೂಗುತ್ತಾರೇನೋ, ಕೈಯಲ್ಲಿ ಕತ್ತಿ ಇದ್ದವರು ಬಂದರೆ ಕೂಗು ಅಂದಳು. ಆಗಲವ್ವ ಅಂದ.

ಮರುದಿನ ಕತ್ತಿ ಹಿಡಿದವರು ಬಂದರು. ಯಾರು? ಊರ ಕಾವಲಿನವರೇ, ರೊಟ್ಟಿ ತಿನ್ನಲು ಬಂದಿದ್ದರು. ಗದಿಗೆಪ್ಪ ಕೂಗಿದ. ಅಡಗುವ ಬದಲು ಮಾಳಿಗೆ ಮೇಲೆ ಕಾದಿದ್ದ ಹೆಂಗಸರು ಯಾರು ಏನು ಅಂತ ನೋಡದೆ ಇದ್ದಬದ್ದ ಖಾರದಪುಡಿಯನ್ನೆಲ್ಲ ಸುರಿದರು, ತಂತಮ್ಮ ಗಂಡಂದಿರ ಕಣ್ಣಿಗೇ. ಈ ಸಲ ತಂಗೆವ್ವ ಬೈದು ಬೈದು ಕಡೆಗೆ ಅತ್ತುಬಿಟ್ಟಳು.

"ಇನ್ನ ಮ್ಯಾಲೆ ಒದರಬ್ಯಾಡ. ಕುದರಿ ಧೂಳ ಕಂಡರ ಸುಮ್ಮಕ ಬಂದು ನಮ್ಮನ್ನೆಲ್ಲ ಹಗೇವಿಗೆ ಇಳಸು, ಕಲ್ಲ ಮುಚ್ಚಿ ಮ್ಯಾಲೆ ಕುಂದರು. ಯಾರ ಹೇಳಿದರೂ ತಗೀಬ್ಯಾಡ. ನಾನ ಅತ್ತು ಬೇಡಿಕೊಂಡರೂ ತಗೀಬ್ಯಾಡ. ನಾ ಬೇಡಿಕೊಂಡ್ನಂದ್ರ ನನ್ನ ಹಿಂದ ಯಾರೋ ಕತ್ತಿ ಹಿಡದಾರ ಅಂತ ತಿಳಕೊ."

ಧೂಳು ಕಂಡಿತು. ಈ ಸಲ ನಿಜವಾದ ಧೂಳು.

ಗದಿಗೆಪ್ಪ ಸದ್ದಿಲ್ಲದೆ ಬಂದು ಹೆಂಗಸರನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಇಳಿಸಿದ, ಕಡೆಗೆ ದೀಪ ಹಿಡಿದ ತಾಯಿಯನ್ನು. ಕಲ್ಲು ಮುಚ್ಚಿ ಕೂತ. ಲೂಟಿಗಾರರು ಬಂದು, ಕೆಳಗೆ ಯಾರಿದ್ದಾರೆ ಅಂತ ಕೇಳಿದರು. ಸುಳ್ಳು ಹೇಳು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮವ್ವ ಇದ್ದಾಳೆ, ಓಣಿಯ ಹೆಂಗಸರೆಲ್ಲ ಇದ್ದಾರೆ ಅಂದ. ಕೆಳಗೆ ತಂಗೆವ್ವ ಪಕ್ಕದ ಮನೆಯ ಕೂಸಿನ ಬಾಯಿಗೆ ಅಂಗೈ ಒತ್ತಿದಳು.

ಏಳು ಅಂದರು. ಏಳಲಿಲ್ಲ. ಕತ್ತಿಯ ಹಿಡಿಯಿಂದ ತಲೆಗೆ ಹೊಡೆದರು, ಬೆನ್ನಿಗೆ ಒದ್ದರು. ಅವನು ಕಲ್ಲನ್ನು ತಬ್ಬಿ ಮಲಗಿಬಿಟ್ಟ. ಒಂದೊಂದು ಏಟೂ ಹಗೇವಿನೊಳಗೆ ಗುಂ ಅಂತ ಇಳಿಯುತ್ತಿತ್ತು, ಒಂದೊಂದನ್ನೂ ತಾಯಿ ಕೇಳುತ್ತಿದ್ದಳು. ಒಬ್ಬ ಕಡಿಯಲು ಕತ್ತಿ ಎತ್ತಿದ್ದ. ಅಷ್ಟರಲ್ಲಿ ಊರ ಗಂಡಸರು ಓಡಿ ಬರುವುದು ಕಂಡಿತು. ಲೂಟಿಗಾರರು ಕುದುರೆ ಹತ್ತಿದರು, ಗಂಡಸರು ಅವರ ಬೆನ್ನು ಹತ್ತಿದರು. ಊರು ಮತ್ತೆ ಖಾಲಿಯಾಯಿತು.

ಒಳಗೆ ದೀಪ ಸಣ್ಣಗಾಗುತ್ತಿತ್ತು. ಕೂಸು ಜೋತುಬಿದ್ದಿತ್ತು. ಅವರು ಹೋದರು ಮಗನೇ, ಕಲ್ಲು ತೆಗಿ ಅಂದಳು ತಂಗೆವ್ವ. ತೆಗೆಯಲಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಕೂಸು ಸಾಯ್ತದೆ ಅಂದಳು. ತೆಗೆಯಲಿಲ್ಲ.

"ನೀ ಬೇಡಿಕೊಳ್ಳಾಕತ್ತೀಯವ್ವಾ," ಅಂದ ಗದಿಗೆಪ್ಪ, ಅವನೂ ಅಳುತ್ತಾ. "ನಿನ್ನ ಹಿಂದ ಕತ್ತಿ ಐತಿ."

ದೀಪ ಆರಿತು. ಆ ಕತ್ತಲಲ್ಲಿ ತಂಗೆವ್ವನಿಗೆ ಅಂಜಿಕೆಯೂ ಮುಗಿದು ಸಿಟ್ಟೊಂದೇ ಉಳಿಯಿತು.

"ಲೇ ಕ್ವಾಣ, ಕಲ್ಲ ತಗೀತೀಯೋ, ಇಲ್ಲಾ ನಿನ್ನ ಚರ್ಮ ಸುಲೀಲೋ?"

ಗದಿಗೆಪ್ಪ ಥಟ್ಟನೆ ಎದ್ದ. ಹೀಗೆ ಬೈಯುವವಳ ಹಿಂದೆ ಕತ್ತಿ ಎಲ್ಲಿಂದ ಬರಬೇಕು? ಕಲ್ಲು ಸರಿಸಿದ. ಗಾಳಿ ಇಳಿಯಿತು, ಕೂಸು ಅತ್ತಿತು. ಎಲ್ಲರನ್ನೂ ಎತ್ತಿ ಮೇಲೆ ಬಿಟ್ಟ. ಅವರು ಕೂಸಿಗೆ ನೀರು ಹಾಕಲು ಬಾವಿಯ ಕಡೆ ಓಡಿದರು, ತಾಯಿ ಮಗ ಇಬ್ಬರೇ ಉಳಿದರು.

ತಂಗೆವ್ವ ಮಗನ ತಲೆ ನೋಡಿದಳು. ರಕ್ತ ಕಿವಿಯಿಂದ ತೊಟ್ಟಿಕ್ಕುತ್ತಿತ್ತು. ಅವನು ಹುಟ್ಟಿದಾಗಿನಿಂದ ಆಡದೆ ಉಳಿದ ಮೆತ್ತನೆಯ ಮಾತೆಲ್ಲ ಅವಳ ಬಾಯಿಗೆ ಬಂತು. ಮನೆಗೆ ಬಾರೋ ನನ್ನಪ್ಪಾ, ಗಾಯ ತೊಳೀತೀನಿ, ನಿನಗೆ ಕೈ ಮುಗೀತೀನಿ ಬಾರೋ ಅಂತ ಗೋಳೋ ಅಂತ ಅತ್ತಳು.

ಗದಿಗೆಪ್ಪನ ಮುಖ ಬಿಳಿಚಿಕೊಂಡಿತು. ಅವಳ ಬೆನ್ನ ಹಿಂದೆ ಇಣುಕಿ ನೋಡಿದ. ಯಾರೂ ಕಾಣಲಿಲ್ಲ. ಆದರೂ ಅವಳನ್ನು ಅನಾಮತ್ತಾಗಿ ಎತ್ತಿ ಮತ್ತೆ ಹಗೇವಿಗೆ ಇಳಿಸಿ, ಕಲ್ಲು ಮುಚ್ಚಿ ಮೇಲೆ ಕೂತ.