ಸೀಗೆಕಾಯಿಗೆ ಸಿಕ್ಕಿದ ನೀರುಕಾಗೆ

ಲೋಕಕ್ಕೆ ಇನ್ನೂ ಹಾಲುಹಲ್ಲು ಮೂಡುತ್ತಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ನೋಡುತ್ತಿದ್ದವು. ನದಿಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಗಾಳಿಗೆ ಮಾತ್ರ ಒಂದು ಕಡೆ ಕೂರುವ ಅಭ್ಯಾಸವೇ ಇರಲಿಲ್ಲ. ಈಗಲೂ ಇಲ್ಲ ಬಿಡಿ.

ಆ ಕಾಲದಲ್ಲಿ ಹಿರಿಬೆಟ್ಟ ಎಂಬ ಬೆಟ್ಟದ ಮಡಿಲಲ್ಲಿ ಮುಗಿಲುಕೆರೆ ಎಂಬ ಕೆರೆ ಇತ್ತು. ಅದು ಯಾರೂ ಕಟ್ಟಿಸಿದ ಕೆರೆಯಲ್ಲ. ಅದರ ತಳದಲ್ಲಿ ಒಂದು ಒರತೆ ಇತ್ತು. ಬೆಟ್ಟದ ಹೊಟ್ಟೆಯೊಳಗಿನ ತಣ್ಣನೆಯ ನೀರು ಅಲ್ಲಿಂದ ಬುಳುಬುಳು ಎಂದು ಮೇಲೆ ಬರುತ್ತಿತ್ತು. ಕಾಡಿನವರೆಲ್ಲ ಆ ಒರತೆಯನ್ನು ಕೆರೆಯ ಕಣ್ಣು ಎಂದು ಕರೆಯುತ್ತಿದ್ದರು.

ಕೆರೆ ದಡದಲ್ಲಿ, ಒಂದು ದೊಡ್ಡ ಬಂಡೆಯ ನೆರಳಲ್ಲಿ, ಕೇತಜ್ಜಿಯ ಗುಡಿಸಲು. ಹಿರಿಬೆಟ್ಟದಲ್ಲಿ ಒಲೆ ಹಚ್ಚಿದ ಮೊದಲನೆಯವಳು ಅವಳೇ. ಅವಳ ಜೊತೆಗೆ ಇದ್ದದ್ದು ಒಂದು ಕರಿಹಕ್ಕಿ. ಗೂಡಿನಿಂದ ಬಿದ್ದ ಮರಿಯನ್ನು ಅಜ್ಜಿ ಎತ್ತಿ ಸಾಕಿದ್ದಳು. ಮೈಯೆಲ್ಲ ಕಪ್ಪು, ಕತ್ತು ಉದ್ದ, ಕೊಕ್ಕಿನ ತುದಿ ಕೊಂಕು. ನೋಡಿದವರು ನಕ್ಕರೂ ಅಜ್ಜಿಗೆ ಅದರಷ್ಟು ಚೆಲುವೆ ಇನ್ನೊಬ್ಬಳಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಸಾಕಿದವರಿಗೂ ಹಾಗೆಯೇ. ಅಜ್ಜಿ ಅದಕ್ಕೆ ಕಾಡಿಗೆ ಎಂದು ಹೆಸರಿಟ್ಟಿದ್ದಳು.

ಚಳಿಗಾಲ ಬಂತೆಂದರೆ ಮುಗಿಲುಕೆರೆಗೆ ನೆಂಟರೋ ನೆಂಟರು. ಬಡಗಲ ಹಿಮದ ನಾಡಿನಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತಿದ್ದವು. ಬಯಲಿನಿಂದ ಬಾತುಗಳು ಬರುತ್ತಿದ್ದವು. ಕೆಲವಕ್ಕೆ ಬೆಟ್ಟದ ನೆತ್ತಿ ಹತ್ತಿ ಸೂರ್ಯ ಹುಟ್ಟುವುದನ್ನು ನೋಡುವ ಆಸೆ. ಕೆಲವಕ್ಕೆ ಪಾಚಿಬಂಡೆಯ ಮೇಲಿಂದ ಜಾರಿ ದುಡುಂ ಎಂದು ನೀರಿಗೆ ಬೀಳುವ ಆಸೆ. ಕೆಲವು ಏನೂ ಮಾಡದೆ ದಡದಲ್ಲಿ ಕೂತು, ನೀರು ಕುಡಿಯಲು ಬರುವ ಆನೆಗಳನ್ನು ಎಣಿಸಿ, ಲೆಕ್ಕ ತಪ್ಪಿ, ಜಗಳವಾಡುತ್ತಿದ್ದವು.

ಆದರೆ ಯಾರು ಬಂದರೂ ನೇರ ನೀರಿಗೆ ಇಳಿಯುವ ಹಾಗಿರಲಿಲ್ಲ. ಮೊದಲು ಕೇತಜ್ಜಿಯ ಮುಂದೆ ಕೂರಬೇಕಿತ್ತು.

"ಎಣ್ಣೆ ಹಚ್ಕಳದೆ ನೀರಿಗೆ ಇಳಿದ್ರೆ ಕಣ್ಣುರಿ ಬತ್ತದೆ. ಬಾ, ಕೂತ್ಕೊ" ಎನ್ನುತ್ತಿದ್ದಳು ಅಜ್ಜಿ.

ಹರಳುಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆ ಸೋರೆಬುರುಡೆಯಲ್ಲಿ ತುಂಬಿರುತ್ತಿತ್ತು. ಅಜ್ಜಿ ಬೆರಳದ್ದಿ ಮೊದಲು ನೆಲತಾಯಿಗೆ ಬೊಟ್ಟು ಇಡುತ್ತಿದ್ದಳು. ಆಮೇಲೆ ನೆತ್ತಿಗೊಂದು ಹನಿ, ಬೆನ್ನಿಗೊಂದು ಹನಿ, ರೆಕ್ಕೆಗೆ ಬೊಗಸೆ ಎಣ್ಣೆ. ನೆತ್ತಿ ತಟ್ಟುತ್ತಾ "ಆಯಸ್ಸು ಹೆಚ್ಲಿ, ರೆಕ್ಕೆ ಗಟ್ಟಿಯಾಗ್ಲಿ, ಹೋದೋರು ಮತ್ತೆ ಬರ್ಲಿ" ಎಂದು ಹರಸುತ್ತಿದ್ದಳು.

ಅಲ್ಲಿಯವರೆಗೆ ಎಲ್ಲರೂ ಕಣ್ಣು ಮುಚ್ಚಿ ಸುಖಪಡುವವರೇ. ತೊಂದರೆ ಶುರುವಾಗುತ್ತಿದ್ದದ್ದು ಆಮೇಲೆ. ಎಣ್ಣೆ ಹಚ್ಚಿದ ಮೇಲೆ ಸೀಗೆಕಾಯಿ ಹಾಕಿ ಉಜ್ಜಬೇಕಲ್ಲ! ಒಂದು ಚಳಿಗಾಲ ಅಜ್ಜಿ ಸೀಗೆಪುಡಿ ಕಲಸಲು ಒಳಗೆ ಹೋದಳೋ ಇಲ್ಲವೋ, ಹೆಬ್ಬಾತುಗಳು, ಬಾತುಗಳು ಒಂದರ ಮುಖ ಒಂದು ನೋಡಿಕೊಂಡವು. ಸೀಗೆಕಾಯಿ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ನಿಮಗೂ ಗೊತ್ತು. ಎಲ್ಲವೂ ರೆಕ್ಕೆಗೆ ಬುದ್ಧಿ ಹೇಳಿದವು. ಅಜ್ಜಿ ಹೊರಬಂದಾಗ ಅಂಗಳದಲ್ಲಿ ಎಣ್ಣೆಯ ಕಾಲುಗುರುತು ಬಿಟ್ಟರೆ ಬೇರೇನಿಲ್ಲ. ನೆಂಟರೆಲ್ಲ ಕೆರೆಯ ನಡುವೆ ತೇಲುತ್ತಿದ್ದರು.

ಉಳಿದದ್ದು ಒಬ್ಬಳೇ, ಕಾಡಿಗೆ. ಮನೆಮಗಳಲ್ಲವೇ, ಎಲ್ಲಿಗೆ ಓಡುತ್ತಾಳೆ? ಅಜ್ಜಿ ಕಲಸಿದ ಸೀಗೆಪುಡಿಯನ್ನೆಲ್ಲ ಅವಳೊಬ್ಬಳಿಗೇ ಹಾಕಿ ಉಜ್ಜಿದಳು. ರೆಕ್ಕೆಯ ಮೇಲೂ ಉಜ್ಜಿದಳು, ರೆಕ್ಕೆಯ ಕೆಳಗೂ ಉಜ್ಜಿದಳು. ಹಚ್ಚಿದ ಎಣ್ಣೆ ಹೋಯಿತು, ಹುಟ್ಟುವಾಗ ತಂದಿದ್ದ ಎಣ್ಣೆಯೂ ಹೋಯಿತು.

"ಈಗ ನೋಡು, ಎಷ್ಟು ಲಕ್ಷಣವಾಗಿದ್ದೀಯೆ. ಹೋಗು ಕೂಸೆ, ನೀನೂ ಆಡ್ಕೊ" ಎಂದಳು ಅಜ್ಜಿ.

ಕಾಡಿಗೆ ನೀರಿಗೆ ಇಳಿದಳು. ಬಾತುಗಳ ಬೆನ್ನ ಮೇಲೆ ನೀರು ನಿಲ್ಲದೆ ಉರುಳಿಹೋಗುತ್ತಿತ್ತು. ಕಾಡಿಗೆಯ ಗರಿಗಳೋ, ಹತ್ತಿಬಟ್ಟೆಯ ಹಾಗೆ ನೀರು ಕುಡಿದವು. ಮೈ ಭಾರವಾಯಿತು. ಅವಳು ಮುಳುಗಿ ಮುಳುಗಿ, ಕೊನೆಗೆ ಉದ್ದನೆಯ ಕತ್ತೊಂದೇ ಮೇಲೆ ಕಾಣತೊಡಗಿತು.

"ಅಯ್ಯೋ, ಕೆರೆಯಲ್ಲಿ ಹಾವು!" ಎಂದು ಬಾತುಗಳು ನಕ್ಕವು.

ಕಾಡಿಗೆ ನಡುಗುತ್ತಾ ದಡಕ್ಕೆ ಬಂದು ಒಲೆಯ ಪಕ್ಕ ಕೂತಳು. ಅಜ್ಜಿಗೆ ಆಗ ತಿಳಿಯಿತು ತಾನೇನು ಮಾಡಿದೆನೆಂದು. ಸೋರೆಬುರುಡೆ ಬೋರಲು ಹಾಕಿ ನೋಡಿದಳು, ಒಂದು ಹನಿಯೂ ಇಲ್ಲ. ಹೊಸ ಹರಳು ಬರಬೇಕಾದರೆ ಇನ್ನೊಂದು ಮಳೆಗಾಲ ಕಳೆಯಬೇಕು. ಪರರ ಮಕ್ಕಳಿಗೆಲ್ಲ ಎಣ್ಣೆ ಉಳಿಯಿತು, ತನ್ನ ಕೂಸಿಗೇ ಇಲ್ಲ.

ಹೀಗಿರುವಾಗ ಎಲೆ ಉದುರುವ ಕಾಲ ಬಂತು. ಗಾಳಿಗೆ ಆಟದ ಹುಚ್ಚು. ಮರದಿಂದ ಮರಕ್ಕೆ ನೆಗೆದು ಎಲೆ ಬಿಡಿಸಿ ಕೆರೆಗೆ ತೂರಿತು. ಹಿರಿಬೆಟ್ಟ "ಸಾಕು ಮಾರಾಯ" ಅಂದರೂ ಬಿಡಲಿಲ್ಲ. ಕೆರೆಯ ಮೇಲೆಲ್ಲ ಕೆಂಪು, ಹಳದಿ, ಕಂದು. ನೆಂಟರು "ಎಷ್ಟು ಚೆಂದ!" ಎಂದು ಅದರ ನಡುವೆ ಈಜಾಡಿದರು.

ಎಲೆಗಳು ನೆನೆದವು. ನೆನೆದು ಭಾರವಾದವು. ತಳಕ್ಕೆ ಇಳಿದು, ಒಂದರ ಮೇಲೊಂದು ಹಾಸಿಕೊಂಡು, ಕೆರೆಯ ಕಣ್ಣನ್ನು ಮುಚ್ಚಿಬಿಟ್ಟವು.

ಬುಳುಬುಳು ನಿಂತಿತು. ಬಿಸಿಲು ಮಾತ್ರ ಎಂದಿನಂತೆ ನೀರು ಕುಡಿಯುತ್ತಲೇ ಇತ್ತು. ಕೆರೆ ದಿನದಿನಕ್ಕೆ ಇಳಿಯಿತು. ಮುಳುಗಿದ್ದ ಬಂಡೆಗಳು ಹೊರಬಂದವು, ನಡುನೀರಿನಲ್ಲಿ ತುದಿ ಮಾತ್ರ ಕಾಣುತ್ತಿದ್ದ ಒಂದು ಒಣಮರ ಸೊಂಟದವರೆಗೆ ಕಂಡಿತು. ನೀರಿಗೆಂದು ಬಂದ ಆನೆಮರಿಯ ಕಾಲು ಕೆಸರಲ್ಲಿ ಹೂತುಕೊಂಡಿತು. ತಾಯಿ ಸೊಂಡಿಲು ಹಾಕಿ ಎಳೆಯುವಷ್ಟರಲ್ಲಿ ಸಾಕುಸಾಕಾಯಿತು.

ಅಜ್ಜಿ ಕೆಸರಿನ ಅಂಚಿಗೆ ಹೋಗಿ ನೆಲಕ್ಕೆ ಕಿವಿ ಕೊಟ್ಟಳು. ಆಳದಿಂದ ಒರತೆಯ ಸಣ್ಣ ದನಿ ಬಂತು.

"ಅಜ್ಜೀ, ನನ್ನ ಕಣ್ಗೆ ಕಸ ಬಿದ್ದದೆ. ಯಾರಾದ್ರೂ ತೆಗೀರವ್ವ. ಇಲ್ದಿದ್ರೆ ನಾನು ಬ್ಯಾರೆ ದಾರಿ ಹಿಡ್ದು ಬೆಟ್ಟದ ಆಚೆಗೆ ಹೊಂಟೋಯ್ತೀನಿ."

ಒರತೆ ಹೋದರೆ ಕೆರೆ ಹೋಯಿತು. ಕೆರೆ ಹೋದರೆ ಈ ಜಿಂಕೆ, ಈ ಆನೆ, ಈ ಮೀನು ಎಲ್ಲಿಗೆ ಹೋಗಬೇಕು?

ಗಾಳಿ ತಲೆ ತಗ್ಗಿಸಿಕೊಂಡು ಬಂತು. "ಆಟಕ್ಕೆ ಮಾಡ್ದೆ ಕಣಜ್ಜಿ. ಹಿಂಗಾಯ್ತದೆ ಅಂತ ಗೊತ್ತಿರ್ಲಿಲ್ಲ. ನೀರೊಳಕ್ಕೆ ನಂಗೆ ದಾರಿ ಇಲ್ಲ."

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗ್ಲು ಹಾಕಕ್ಕೆ ಬಂದ್ಯಾ?" ಎಂದು ಅಜ್ಜಿ ಗದರಿದಳು.

ಮೀನುಗಳು ಮೊದಲೇ ನೋಡಿ ಬಂದಿದ್ದವು. ಎಲೆಯ ಹಾಸನ್ನು ಹಿಡಿದೆಳೆಯಲು ಅವಕ್ಕೆ ಕೊಕ್ಕಿರಲಿಲ್ಲ. ಕೇತಜ್ಜಿಗೆ ಈಜು ಬಾರದು. ಅವಳಿಗೆ ಗೊತ್ತಿದ್ದದ್ದು ಬಿದಿರಿನ ತೆಪ್ಪ ನಡೆಸುವುದೊಂದೇ. ಹಿರಿಯ ಹೆಬ್ಬಾತು "ನಾನು ತೆಗೀತೀನಿ" ಎಂದು ಎದೆಯುಬ್ಬಿಸಿ ನೀರಿಗೆ ತಲೆ ಹಾಕಿತು. ತಲೆ ಕೆಳಗೆ ಹೋಯಿತು, ಬಾಲ ಮೇಲೇ ಉಳಿಯಿತು. ಕಾಲು ಬಡಿದರೂ ಅಷ್ಟೇ, ಬಾಲ ಆಕಾಶಕ್ಕೆ. ಬಾತುಗಳದ್ದೂ ಅದೇ ಪಾಡು. ರೆಕ್ಕೆಯ ಎಣ್ಣೆ ಅವುಗಳನ್ನು ಮುಳುಗಲು ಬಿಡಲೇ ಇಲ್ಲ.

"ನಾವು ಬೇರೆ ಕೆರೆ ನೋಡ್ಕೋತೀವಿ ಅಜ್ಜಿ" ಎಂದಿತು ಹೆಬ್ಬಾತು, ಕೊಕ್ಕಿನಿಂದ ನೀರು ಒದರುತ್ತಾ.

ಆಗ ಅಜ್ಜಿಯ ಸೆರಗಿನ ಹಿಂದಿನಿಂದ ಕಾಡಿಗೆ ಮುಂದೆ ಬಂದಳು. "ಅಜ್ಜಿ, ನಾನು ಮುಳುಗ್ತೀನಿ."

"ಸುಮ್ಕಿರು ಕೂಸೆ. ಮುಳುಗಿದೋಳು ಏಳದಿದ್ರೆ?"

"ಎಲ್ರೂ ನಗೋದು ನಾನು ಮುಳುಗ್ತೀನಿ ಅಂತ ತಾನೆ? ಈಗ ಬೇಕಾಗಿರೋದೂ ಅದೇ ಅಲ್ವಾ?"

ಅಜ್ಜಿ ಒಣಗಿದ ದಡ ನೋಡಿದಳು, ಕೆಸರು ಮೆತ್ತಿದ ಆನೆಮರಿಯನ್ನು ನೋಡಿದಳು, ಕಾಡಿಗೆಯ ತೆಳ್ಳನೆಯ ಕತ್ತನ್ನು ನೋಡಿದಳು. ಬೇಡ ಎನ್ನಲು ಬಾಯಿ ತೆರೆದವಳು ಕೊನೆಗೆ ತೆಪ್ಪವನ್ನು ನೀರಿಗೆ ನೂಕಿದಳು.

ನಡುಗೆರೆಯಲ್ಲಿ ಕಾಡಿಗೆ ತೆಪ್ಪದಿಂದ ಜಿಗಿದಳು. ಗರಿಗಳು ನೀರು ಕುಡಿದವು. ಕಲ್ಲು ಇಳಿದ ಹಾಗೆ ಸೀದಾ ಕೆಳಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಕೊಂಕು ಕೊಕ್ಕಿನ ತುಂಬ ಕೊಳೆತ ಎಲೆ ಕಚ್ಚಿಕೊಂಡು ಮೇಲೆದ್ದಳು. ಮತ್ತೆ ಮುಳುಗಿದಳು, ಮತ್ತೆ ಎದ್ದಳು. ಆದರೆ ಸ್ವಲ್ಪದರಲ್ಲೇ ಮೈ ಮರಗಟ್ಟಿತು. ಹಲ್ಲಿದ್ದಿದ್ದರೆ ಕಟಕಟ ಕಡಿಯುತ್ತಿದ್ದಳು. ಹೇಗೋ ತೆವಳಿ ನಡುನೀರಿನ ಒಣಮರ ಏರಿ ಕೂತಳು.

ಅಜ್ಜಿ ಮುಖ ಮೇಲೆತ್ತಿ ಸೂರ್ಯನನ್ನು ಕೂಗಿದಳು. "ಸ್ವಾಮೀ, ನನ್ನ ಕೂಸು ನಡುಗ್ತಾ ಅದೆ. ಕಣ್ಬುಟ್ಟು ನೋಡಪ್ಪ!"

"ರೆಕ್ಕೆ ಮಡಚಿ ಕೂತರೆ ನಾನು ಎಲ್ಲಿಂದ ಒಳಗೆ ಬರಲಿ? ಅಗಲವಾಗಿ ಬಿಚ್ಚಲು ಹೇಳು" ಎಂದ ಸೂರ್ಯ.

ಕಾಡಿಗೆ ಎರಡೂ ರೆಕ್ಕೆ ಅಗಲಿಸಿದಳು. ಸೂರ್ಯ ಬೆಚ್ಚಗೆ ಬಿದ್ದ. ಗಾಳಿ ಯಾರೂ ಕೇಳುವ ಮೊದಲೇ ಬಂದು ಗರಿ ಗರಿಯ ನಡುವೆ ಮೆಲ್ಲಗೆ ಬೀಸಿತು. ಅಷ್ಟು ಮೆಲ್ಲಗೆ ಬೀಸಲು ಅದಕ್ಕೆ ಬರುತ್ತದೆಂದು ಅದಕ್ಕೇ ಗೊತ್ತಿರಲಿಲ್ಲ.

ಒಣಗಿದ ಮೇಲೆ ಕಾಡಿಗೆ ಮತ್ತೆ ಮುಳುಗಿದಳು. ಎಲೆ ಕಚ್ಚಿ ತಂದಳು. ರೆಕ್ಕೆ ಹರಡಿ ಕೂತಳು. ಮುಳುಗಿದಳು, ಎಲೆ ತಂದಳು, ರೆಕ್ಕೆ ಹರಡಿ ಕೂತಳು. ನಗುತ್ತಿದ್ದ ಬಾತುಗಳು ನಗು ಬಿಟ್ಟು, ಅವಳು ತಂದ ಎಲೆಯನ್ನು ದಡಕ್ಕೆ ಸಾಗಿಸತೊಡಗಿದವು. ಹೊರಟಿದ್ದ ಹೆಬ್ಬಾತುಗಳೂ ಹಿಂದಿರುಗಿ ಕೈಜೋಡಿಸಿದವು, ಅಂದರೆ ಕೊಕ್ಕು ಜೋಡಿಸಿದವು.

ಕೊನೆಗೊಮ್ಮೆ ಮುಳುಗಿದ ಕಾಡಿಗೆ ಬೇಗ ಏಳಲಿಲ್ಲ.

ಬಾತುಗಳು ಎಲೆ ಸಾಗಿಸುವುದನ್ನು ಬಿಟ್ಟು ತೆಪ್ಪದ ಸುತ್ತ ಸೇರಿದವು. ಗಾಳಿ ನಿಂತಿತು. ಅಜ್ಜಿ ತೆಪ್ಪದ ಮೇಲೆ ಮಂಡಿಯೂರಿ ನೀರಿಗೆ ಮುಖ ಹತ್ತಿರ ಇಟ್ಟಳು. ಕಂಡದ್ದು ತನ್ನ ಮುಖ ಮಾತ್ರ. "ಕೆರೆ ಬತ್ತಿದ್ರೆ ಬತ್ಲಿ, ನನ್ನ ಕೂಸು ಕೊಡು" ಎಂದು ಒರತೆಯನ್ನು ಬೇಡಿಕೊಂಡಳು. ಅಷ್ಟು ಪ್ರೀತಿಯ ಕೆರೆಯ ಮೇಲೆ ಅವಳಿಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ಆಸೆ ಇರಲಿಲ್ಲ.

ಆಗ ಅವಳ ಮುಖದ ಕೆಳಗೆ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬುಳುಬುಳು, ಬುಳುಬುಳು! ತಣ್ಣನೆಯ ನೀರು ಉಕ್ಕಿ ತೆಪ್ಪವನ್ನು ಮೇಲೆತ್ತಿತು. ಆ ಉಕ್ಕಿನ ಜೊತೆಗೇ, ಕೊಕ್ಕಿನಲ್ಲಿ ಕೊನೆಯ ಎಲೆ ಕಚ್ಚಿಕೊಂಡು, ಕಾಡಿಗೆ ಮೇಲೆ ಬಂದಳು. ಅಜ್ಜಿ ಅವಳನ್ನು ಎದೆಗವಚಿಕೊಂಡು ಅತ್ತಳು, ನಕ್ಕಳು, ಬೈದಳು, ಮೂರನ್ನೂ ಒಟ್ಟಿಗೆ ಮಾಡಿದಳು.

ಮಳೆಗಾಲ ಕಳೆಯಿತು. ಕೆರೆ ತುಂಬಿತು. ಹೊಸ ಹರಳು ಬಂತು. ಅಜ್ಜಿ ಮೊದಲ ಎಣ್ಣೆಯನ್ನು ಯಾರಿಗೂ ಮುಟ್ಟಿಸದೆ ಕಾಡಿಗೆಯನ್ನು ಕರೆದಳು.

"ಬಾ ಕೂಸೆ. ಈ ಸಲ ಸೀಗೆಕಾಯಿ ಹಾಕಾಕಿಲ್ಲ, ಆಣೆ. ನೀನೂ ಎಲ್ರಂಗೆ ಬೆಚ್ಚಗೆ ತೇಲಾಡ್ಕೊಂಡಿರು."

ಕಾಡಿಗೆ ಎಣ್ಣೆಯನ್ನು ನೋಡಿದಳು. ಆಸೆಯಿಂದಲೇ ನೋಡಿದಳು, ಸುಳ್ಳೇಕೆ ಹೇಳಲಿ. ಒಲೆಯ ಪಕ್ಕ ನಡುಗುತ್ತಾ ಕೂತ ದಿನಗಳು ಅವಳಿಗೆ ಮರೆತಿರಲಿಲ್ಲ. ಆಮೇಲೆ ಮರಗಳ ಕಡೆ ನೋಡಿದಳು. ಆ ಮರಗಳಲ್ಲಿ ಹೊಸ ಎಲೆ ತುಂಬಿತ್ತು.

"ಅಜ್ಜಿ, ಇವೆಲ್ಲ ಮತ್ತೆ ಉದುರ್ತವಲ್ಲ?"

"ಉದುರ್ತವೆ. ವರ್ಸಾ ವರ್ಸಾ ಉದುರ್ತವೆ."

"ಹಂಗಾದ್ರೆ ಎಣ್ಣೆ ಬೇಡಜ್ಜಿ."

ಅಜ್ಜಿ ಬೆರಳಿಗೆ ಹತ್ತಿದ್ದ ಎಣ್ಣೆಯನ್ನು ತನ್ನ ಸೀರೆಗೇ ಒರೆಸಿಕೊಂಡು, ಒಣಗೈಯಿಂದ ಕಾಡಿಗೆಯ ನೆತ್ತಿ ತಟ್ಟಿದಳು. "ಆಯಸ್ಸು ಹೆಚ್ಲಿ" ಎಂದಳು.

ಈಗ ಆ ಬೆಟ್ಟದ ಕಾಡಿನ ಸುತ್ತ ಬೇಲಿ ಇದೆ, ಬಾಗಿಲಿದೆ, ಕಾವಲಿನವರಿದ್ದಾರೆ. ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ಬೆಟ್ಟ ಹತ್ತುತ್ತಾರೆ, ಆನೆ ಎಣಿಸಿ ಲೆಕ್ಕ ತಪ್ಪುತ್ತಾರೆ, ಹರಿಗೋಲಿನಲ್ಲಿ ಗಿರ್ರನೆ ಸುತ್ತಿ ಕಿರುಚುತ್ತಾರೆ. ನೀವೂ ಒಂದು ದಿನ ಹೋದಾಗ, ನಡುನೀರಿನ ಒಣಮರದ ಮೇಲೆ ಕರಿಯ ನೀರುಕಾಗೆಯೊಂದು ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಕೂತಿದ್ದರೆ ಸ್ವಲ್ಪ ಹೊತ್ತು ಸದ್ದು ಮಾಡಬೇಡಿ, ಅದು ಈಗಷ್ಟೇ ಕೆರೆಯ ಕಣ್ಣಿನ ಕಸ ತೆಗೆದು ಬಂದಿದೆ.