ಓಲೆಯಲ್ಲಿ ಒಂದೇ ಶಾಸ್ತ್ರ

ಬೊಮ್ಮಯ್ಯ ಕಲಿತದ್ದು ಒಂದಲ್ಲ. ಮಣ್ಣು, ನೀರಿನ ಗುಣ ತಿಳಿಯಲು ಕೆರೆ ಕಟ್ಟುವವರ ಜೊತೆ ಆರು ವರ್ಷ ಬುಟ್ಟಿ ಹೊತ್ತ. ಹಳೆಯ ಕಲ್ಲುಗಳ ಬರಹ ಓದುತ್ತ ಊರೂರು ಅಲೆದ. ಕೊನೆಗೆ ಗುರು ವಾಮದೇವರ ಆಶ್ರಮಕ್ಕೆ ಬಂದು, ಅವರ ಶಿಷ್ಯನಾಗಿ ಮಕ್ಕಳಿಗೆ ಪಾಠ ಹೇಳತೊಡಗಿದ.

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ಕಂಡಕಂಡವರೆಲ್ಲ ಬುದ್ಧಿ ಹೇಳಿ ಅವನ ಕಿವಿ ತೂತಾಗಿತ್ತು.

ಅಷ್ಟರಲ್ಲಿ ರಾಜಧಾನಿಯ ವಿದ್ವತ್ಸಭೆ ಅವನಿಗೊಂದು ಪೀಠ ಕೊಡಲು ಒಪ್ಪಿತು. ಆದರೆ ಸಭೆಗೊಂದು ಪದ್ಧತಿಯಿತ್ತು. ಪೀಠ ಬೇಕಾದವನು ಓಲೆಯಲ್ಲಿ ಒಂದೇ ಶಾಸ್ತ್ರದ ಹೆಸರು ಬರೆದು, ಉಳಿದ ಯಾವುದನ್ನೂ ಮುಟ್ಟುವುದಿಲ್ಲವೆಂದು ಆಣೆ ಇಡಬೇಕು.

ಓಲೆ ಒಯ್ಯಲು ಪಂಡಿತರೊಬ್ಬರು ಬಂದರು. ಆಶ್ರಮದ ಮುಂದಿನ ಕೆರೆ ಏರಿಯ ಮೇಲೆ ನೆರಳು ನೋಡಿ, ಶಲ್ಯ ಹಾಸಿ ಕೂತರು.

ಬೊಮ್ಮಯ್ಯನಿಗೆ ಪೀಠದ ಆಸೆ ಬಲವಾಗಿತ್ತು. ‘ಭೂಶಾಸ್ತ್ರ’ ಎಂದು ಬರೆದೇಬಿಟ್ಟ.

“ಸರಿಯೇ, ಗುರುಗಳೇ?”

“ಆಮೇಲೆ ಹೇಳ್ತೀನಿ. ಗದ್ದೆಗೆ ನೀರು ಬಿಡೋಕೆ ಊರಿನವರು ಏರಿಗೆ ಹೊಸ ತೂಬು ಇಡಬೇಕಂತೆ. ಜಾಗ ತೋರಿಸು.”

ಬೊಮ್ಮಯ್ಯ ಏರಿಯುದ್ದಕ್ಕೂ ನಡೆದು ಮಣ್ಣು ಹಿಸುಕಿ ನೋಡಿದ.

“ಪಂಡಿತರು ಕೂತಿರೋ ಕಡೆ. ಮಣ್ಣು ಮೆತ್ತಗಿದೆ, ಅಗೆಯೋದು ಸಲೀಸು.”

ಗುರು ಗುದ್ದಲಿ ಕೊಟ್ಟರು. “ಅಗೆ ನೋಡೋಣ.”

ಪಂಡಿತರ ಪಕ್ಕದಲ್ಲೇ, ಹೋದ ವಾರದ ಮಳೆಗೆ ಮಣ್ಣು ತೊಳೆದುಹೋಗಿ ವೀರಗಲ್ಲೊಂದು ಮೇಲೆದ್ದಿತ್ತು. ಬೊಮ್ಮಯ್ಯ ಬಗ್ಗಿ ನೋಡುವಷ್ಟರಲ್ಲಿ ಗುರು ಅದರ ಮೇಲೆ ತಮ್ಮ ಉತ್ತರೀಯ ಹೊದಿಸಿದರು.

“ಓದಬೇಡ. ನಿನ್ನ ಶಾಸ್ತ್ರ ಅಲ್ಲ.”

ಬೊಮ್ಮಯ್ಯನ ಗುದ್ದಲಿ ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಅದನ್ನು ಪಕ್ಕಕ್ಕೆಸೆದು ಬಟ್ಟೆಯನ್ನು ಕಿತ್ತು ತೆಗೆದ. ಕಲ್ಲಿನ ಮೇಲೆ ಒಂದೇ ಸಾಲು: ‘ಏರಿ ಒಡೆದಂದು ಕೇತ ಇಲ್ಲಿ ಅಡ್ಡ ನಿಂತು ಸತ್ತ.’

ಮಣ್ಣು ಮೆತ್ತಗಿರುವುದು ಯಾಕೆಂದು ಅವನಿಗೆ ಈಗ ತಿಳಿಯಿತು. ಒಡೆದ ಬಾಯಿಗೆ ತುಂಬಿದ ಮಣ್ಣದು. ಅಗೆದಿದ್ದರೆ ಮುಂದಿನ ಮಳೆಗೆ ಊರೇ ಕೊಚ್ಚಿಹೋಗುತ್ತಿತ್ತು.

“ಗುರುಗಳೇ, ಇದನ್ನ ಓದೋಕೆ ಮಕ್ಕಳಿಗೆ ಇವತ್ತೇ ಕಲಿಸ್ತೀನಿ. ಇಲ್ಲದಿದ್ರೆ ನಾಳೆ ಅವರೇ ಇಲ್ಲಿ ಅಗೀತಾರೆ.”

“ಪಾಠ ಹೇಳೋದೂ ಆಣೆಗೆ ವಿರುದ್ಧ,” ಎಂದರು ಪಂಡಿತರು ಕೂತಲ್ಲಿಂದಲೇ.

ಬೊಮ್ಮಯ್ಯನಿಗೆ ರೇಗಿತು. ಅವರ ಕಣ್ಣೆದುರೇ ಓಲೆಯನ್ನು ಚೂರುಚೂರು ಮಾಡಿದ.

“ಪೀಠ ನೀವೇ ಇಟ್ಕೊಳ್ಳಿ. ಮಣ್ಣು, ಬರಹ, ಪಾಠ, ನಾನು ಮೂರರಲ್ಲಿ ಒಂದನ್ನೂ ಬಿಡೋನಲ್ಲ.”

ಪಂಡಿತರು ಗುರುಗಳತ್ತ ತಿರುಗಿದರು. “ಮೂರ್ಖ! ಇನ್ನು ಇವನಿಗೆ ಎಲ್ಲಿ ಜಾಗ?”

“ಅವನ ಜಾಗದ ಚಿಂತೆ ಬಿಡಿ, ಸ್ವಾಮಿ. ಮೊದಲು ನೀವು ಏಳಿ. ಏರಿ ಒಡೆದದ್ದು ನೀವು ಕೂತಲ್ಲೇ.”