ಗಾಣದ ಬೀದಿಯಲ್ಲಿ ಕೌಲಿಯ ಸಭೆ

ಗಾಣದ ಬೀದಿಯ ಎತ್ತುಗಳು ಮುಖಂಡನನ್ನು ಆರಿಸುವ ಕಾಲ ಬಂತು. ಅಲ್ಲಿ ತಲೆತಲಾಂತರದಿಂದ ಗೆಲ್ಲುತ್ತಿದ್ದದ್ದು ಊರ ಹೋರಿಯೇ. ಈ ಸಲ ಕೌಲಿ ಎಂಬ ಹಸು ಎದುರು ನಿಂತಳು. ಆ ಬೀದಿಯಲ್ಲಿ ನಿನಗೆ ಒಂದು ವೋಟೂ ಬೀಳದು ಎಂದು ಗೆಳತಿಯರು ಹೇಳಿದರೂ ಕೇಳದೆ, ಸಂಜೆ ಗಾಣ ನಿಂತ ಮೇಲೆ ಹೋಗಿ ಸಭೆ ನಡೆಸಿದಳು.

"ಅಣ್ಣಂದಿರೇ, ನಾನು ಗೆದ್ದರೆ ನಿಮ್ಮ ಕಣ್ಣಿಗೆ ಕಟ್ಟುವ ಬಟ್ಟೆ ತೆಗೆಸುತ್ತೇನೆ. ವಾರಕ್ಕೊಮ್ಮೆ ಹೊಳೆಯವರೆಗೆ ನೆಟ್ಟಗೆ ನಡೆದು ಹೋಗೋಣ."

ಎತ್ತುಗಳು ಮೆಲುಕು ಹಾಕುತ್ತ ಕೇಳಿಸಿಕೊಂಡವು.

"ಬಟ್ಟೆ ತೆಗೆದರೆ ತಲೆ ತಿರುಗುತ್ತದೆ ತಾಯಿ. ನಮ್ಮ ಹಿರಿಯರು ಕಟ್ಟಿಕೊಂಡೇ ಬಾಳಿದರು" ಎಂದಿತು ಒಂದು. ಉಳಿದವು ಹೌದೆಂದು ತಲೆಯಾಡಿಸಿ ಎದ್ದು ಹೋದವು.

ಮುದಿ ಎತ್ತು ನಂದ್ಯಪ್ಪ ಮಾತ್ರ ಏಳಲಿಲ್ಲ. "ಹೊಳೆಯ ಆಚೆ ದಡದಲ್ಲಿ ಈಗ ಏನಿದೆ, ತಂಗಿ?"

"ಎದೆಯುದ್ದ ಹುಲ್ಲು. ಜೊಂಡಿನ ತುಂಬ ಬೆಳ್ಳಕ್ಕಿ."

"ಕರುವಾಗಿದ್ದಾಗ ಅಲ್ಲಿ ಓಡಾಡಿದ್ದೆ" ಎಂದ ಅವನು.

"ಹಾಗಾದರೆ ನಿಮ್ಮ ವೋಟು ನನಗೇ ತಾನೇ?"

"ಇಲ್ಲಮ್ಮ, ಹೋರಿಗೇ ಹಾಕುತ್ತೇನೆ. ನಾಳೆ ಬೆಳಗಾದರೆ ಇವರ ನಡುವೆಯೇ ಬದುಕಬೇಕಲ್ಲ. ಆದರೂ ನೀನು ಬರುತ್ತಿರು. ಆ ದಡದ ಮಾತು ಹೇಳುತ್ತಿರು."

ಕೌಲಿ ಸೋತಳು. ಇನ್ನು ಕೇಳುವುದಕ್ಕೆ ವೋಟೂ ಇರಲಿಲ್ಲ. ಆದರೂ ಮರುದಿನ ಸಂಜೆ ಅವಳ ಕಾಲು ಗಾಣದ ಬೀದಿಗೇ ಎಳೆಯಿತು. ನಂದ್ಯಪ್ಪ ಕಾಯುತ್ತಿದ್ದ. ಅವನ ಹಿಂದೆ ಉಳಿದ ಎತ್ತುಗಳು ಮುಖ ತಿರುಗಿಸಿ ಮಲಗಿದ್ದವು; ಕಿವಿಗಳು ಮಾತ್ರ ಅವಳ ಕಡೆಗೇ ಇದ್ದವು.